ವಿದ್ಯಾರ್ಥಿಯ ಫೋನಿನಲ್ಲಿ ಪದವಿ ಪಾಠ: ಘಟ್ಟದ ಮೇಲೂ ಕೆಳಗೂ ಯಾವ ವಿಧಾನ ನಡೆಯುತ್ತದೆ?

ಕಾರವಾರ ಪೇಟೆಯಲ್ಲಿ ಮನೆಯಿರುವ ವಿದ್ಯಾರ್ಥಿಗೆ ವಿಡಿಯೋ ನೋಡುವುದು ಕಷ್ಟವೇ ಅಲ್ಲ. ಅದೇ ಬೆಂಚಿನಲ್ಲಿ ಕೂತ ಜೋಯಿಡಾ ಕಡೆಯ ಹುಡುಗ ಊರಿಗೆ ಹೋದ ಮೇಲೆ ಎರಡು ಕಡ್ಡಿ ಸಿಗ್ನಲ್‌ಗಾಗಿ ಗುಡ್ಡದ ನೆತ್ತಿ ಹತ್ತಬೇಕಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ, ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನೆಟ್‌ವರ್ಕ್. ಕೊರೊನಾ ಕಾಲದ ಆನ್‌ಲೈನ್ ತರಗತಿಗಳು ಇದನ್ನು ಎಲ್ಲರಿಗೂ ತೋರಿಸಿಕೊಟ್ಟವು. ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಫೋನ್ ಬಳಸಿ ಕಲಿಸುವವರು ಯಾವ ಆ್ಯಪ್ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಬೇಕು: ಕಾಲೇಜಿನಲ್ಲಿ ಇಳಿಸಿಕೊಂಡದ್ದನ್ನು ಮನೆಯಲ್ಲಿ ನೆಟ್ ಇಲ್ಲದೆ ಬಳಸಲು ಬರುತ್ತದೆಯೇ? ಬರುತ್ತದೆ ಎಂದಾದರೆ ಅದು ಮುಖ್ಯ ಪಾಠಕ್ಕೆ ಆದೀತು. ಬಾರದಿದ್ದರೆ ಹೆಚ್ಚುವರಿಗೆ ಮಾತ್ರ ಇರಲಿ.

ಆಯ್ಕೆಗೆ ಮೊದಲು ತರಗತಿಯ ಲೆಕ್ಕ ತಿಳಿದಿರಬೇಕು. ಇದನ್ನು ಗೂಗಲ್ ಫಾರ್ಮ್‌ನಲ್ಲಿ ಕೇಳಬೇಡಿ. ನೆಟ್ ಇಲ್ಲದವರ ಉತ್ತರ ಅದರಲ್ಲಿ ಬರುವುದೇ ಇಲ್ಲ, ಎಲ್ಲರಿಗೂ ಅನುಕೂಲ ಇದೆಯೆಂಬ ತಪ್ಪು ಚಿತ್ರ ಸಿಗುತ್ತದೆ. ಅರ್ಧ ಹಾಳೆ ಕಾಗದ ಕೊಟ್ಟು ಬರೆಸಿ. ಫೋನ್ ನಿಮ್ಮದೇ ಅಥವಾ ಮನೆಯವರೆಲ್ಲ ಬಳಸುವುದೇ? ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ದಿನಕ್ಕೆ ಎಷ್ಟು ಡೇಟಾದ ರಿಚಾರ್ಜ್? ಫೋನಿನಲ್ಲಿ ಎಷ್ಟು ಜಾಗ ಖಾಲಿ ಇದೆ? ಬಸ್ಸಿನಲ್ಲಿ ಎಷ್ಟು ಹೊತ್ತು? ಕೊನೆಯ ಪ್ರಶ್ನೆ ಬೇಡದ್ದೆಂದು ಕಾಣಬಹುದು, ಆದರೆ ಮುಂದೆ ಆಡಿಯೋ ಪಾಠ ಬೇಕೋ ಬೇಡವೋ ಎಂದು ಹೇಳುವುದು ಅದೇ. ಮನೆಗೊಂದೇ ಫೋನ್ ಇದ್ದು, ಅದು ಅಪ್ಪನ ಜೊತೆ ದೋಣಿಗೋ ಅಣ್ಣನ ಜೊತೆ ಗೋವಾದ ಕೆಲಸಕ್ಕೋ ಹೋಗುವ ಮನೆಗಳು ಕರಾವಳಿಯಲ್ಲಿವೆ. ಅಂಥ ವಿದ್ಯಾರ್ಥಿಯ ಹೆಸರನ್ನು ತರಗತಿಯಲ್ಲಿ ಓದಿ ಹೇಳಬೇಡಿ.

ಯಾರ ಸಾಧನ?

ಮೂರು ದಾರಿಗಳಿವೆ: ಪ್ರತಿಯೊಬ್ಬರ ಸ್ವಂತ ಫೋನ್, ಕಾಲೇಜಿನ ಟ್ಯಾಬುಗಳು, ಅಥವಾ ಉಪನ್ಯಾಸಕರ ಒಂದೇ ಫೋನ್. ಸ್ವಂತ ಫೋನಿನ ಬಲ ಅದು ಸದಾ ಕೈಯಲ್ಲಿರುತ್ತದೆ ಎಂಬುದು; ಎಲ್ಲರದೂ ಬೇರೆ ಬೇರೆ ಮಾದರಿ ಎಂಬುದು ಅದರ ತೊಡಕು. ಒಂದರಲ್ಲಿ ತೆರೆದ ಕಡತ ಇನ್ನೊಂದರಲ್ಲಿ ತೆರೆಯದು, ಒಂದರಲ್ಲಿರುವ ಸೆನ್ಸರ್ ಇನ್ನೊಂದರಲ್ಲಿರದು. ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ ಹಂಚಿದಂಥ ಟ್ಯಾಬುಗಳು ಎಲ್ಲರಿಗೂ ಒಂದೇ ಬಗೆಯವಾದ್ದರಿಂದ ಪಾಠ ಸಿದ್ಧಪಡಿಸುವುದು ಸಲೀಸು, ಆದರೆ ಬ್ಯಾಟರಿ ಹಳತಾದಾಗ ಬದಲಿಸುವವರಿಲ್ಲದೆ ಮೂಲೆ ಸೇರುವ ಅಪಾಯವಿದೆ. ಬೀರುವಿನಲ್ಲಿ ನಾಲ್ಕಾರು ಹಳೆಯ ಟ್ಯಾಬ್ ಉಳಿದಿದ್ದರೆ ಅವನ್ನು ಸ್ವಂತ ಫೋನ್ ಇಲ್ಲದವರಿಗೆ ಗ್ರಂಥಾಲಯದ ಪುಸ್ತಕದಂತೆ ವಾರಕ್ಕೆ ಎರವಲು ಕೊಡುವುದೇ ಅವುಗಳ ಅತ್ಯುತ್ತಮ ಬಳಕೆ. ಉಪನ್ಯಾಸಕರ ಒಂದೇ ಫೋನಿನಿಂದಲೂ ಬಹಳಷ್ಟು ನಡೆಯುತ್ತದೆ. ಅದು ಮುಂದೆ ಬರುತ್ತದೆ.

ನೋಟ್ಸ್ ಓದಲು, ಆಡಿಯೋ ಕೇಳಲು, ಫೀಲ್ಡ್ ಕೆಲಸಕ್ಕೆ ಫೋನ್ ಸಾಕು. ಐದು ಪುಟಕ್ಕಿಂತ ಉದ್ದದ ಪ್ರಬಂಧ ಬರೆಯಲು, ಟ್ಯಾಲಿ ಕಲಿಯಲು, ಎಕ್ಸೆಲ್‌ನಲ್ಲಿ ನೂರು ಸಾಲು ಅಂಕಿಅಂಶ ಸರಿಪಡಿಸಲು ಫೋನ್ ಸಾಲದು. ಅದಕ್ಕೆ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಸಂಜೆ ಒಂದು ತಾಸು ಹೆಚ್ಚು ತೆರೆದಿಡುವುದೇ ಸರಿ. ಬಿ.ಕಾಂ. ವಿದ್ಯಾರ್ಥಿಗೆ ಫೋನಿನಲ್ಲೇ ಎಲ್ಲ ಮಾಡಿಕೋ ಎಂದು ಹೇಳುವುದು ಅನ್ಯಾಯ.

ಪಾಠ ಮನೆಗೆ ಹೋಗುವುದು ಹೇಗೆ: ನೇರ, ವಿಡಿಯೋ, ಆಡಿಯೋ, ಪಠ್ಯ

ಇಲ್ಲಿ ಲೆಕ್ಕ ಹಾಕಿ ನೋಡಿದರೆ ತೀರ್ಮಾನ ತಾನಾಗಿ ಬರುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ಎಳೆಯುವ ನೇರ ವಿಡಿಯೋ ತರಗತಿ 50 ನಿಮಿಷಕ್ಕೆ 375 ಎಂಬಿ ತಿನ್ನುತ್ತದೆ. ದಿನಕ್ಕೆ ಮೂರು ಅಂಥ ತರಗತಿ ಇಟ್ಟರೆ 1 ಜಿಬಿ ದಾಟಿತು, ದಿನದ ಪ್ಯಾಕ್ ಬಹುಪಾಲು ಅಲ್ಲೇ ಮುಗಿಯಿತು. ಅದೇ ವಿಷಯವನ್ನು 20 ನಿಮಿಷಕ್ಕೆ ಇಳಿಸಿ, 500 ಕಿಲೋಬಿಟ್‌ನಲ್ಲಿ ರೆಕಾರ್ಡ್ ಮಾಡಿದ ವಿಡಿಯೋ 75 ಎಂಬಿ. ಅದರ ಧ್ವನಿಯನ್ನಷ್ಟೇ 32 ಕಿಲೋಬಿಟ್‌ನ ಮೋನೋ ಆಡಿಯೋ ಮಾಡಿದರೆ 5 ಎಂಬಿಗಿಂತ ಕಡಿಮೆ. ಹತ್ತು ಪುಟದ ಪಠ್ಯ, ಚಿತ್ರಗಳಿಲ್ಲದಿದ್ದರೆ, 1 ಎಂಬಿಯನ್ನೂ ಮುಟ್ಟುವುದಿಲ್ಲ.

ನೇರ ತರಗತಿಗೆ ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಗುಂಪು ಸಭೆಗೆ 60 ನಿಮಿಷ, ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷದ ಮಿತಿ. ಎರಡರಲ್ಲೂ 100 ಜನರವರೆಗೆ. ಹೊರಗಿನ ಅತಿಥಿಯ ಉಪನ್ಯಾಸವನ್ನು ಕಾಲೇಜಿನ ಪ್ರೊಜೆಕ್ಟರ್‌ನಲ್ಲಿ ಎಲ್ಲರೂ ಒಟ್ಟಿಗೆ ನೋಡಲು ಇವು ಚೆನ್ನ. ಮಳೆಗೆ ರಜೆ ಕೊಟ್ಟ ದಿನ ಮನೆಯಿಂದ ಹಾಜರಾಗಿ ಎನ್ನಲು ಇವನ್ನು ಬಳಸಬೇಡಿ: ರಜೆ ಕೊಡುವಷ್ಟು ಮಳೆ ಬಂದ ದಿನವೇ ಊರುಗಳಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ.

ರೆಕಾರ್ಡ್ ಮಾಡಿದ ವಿಡಿಯೋ ಕೈಯಿಂದ ಮಾಡಿ ತೋರಿಸಬೇಕಾದ ಸಂಗತಿಗೆ ಬೇಕು: ಟೈಟ್ರೇಶನ್, ಸೂಕ್ಷ್ಮದರ್ಶಕದ ಸ್ಲೈಡ್ ತಯಾರಿ, ಲೆಕ್ಕದ ಹಂತಗಳು. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದ ವಿವರಣೆಗೆ ಉಪನ್ಯಾಸಕರ ಮುಖ ಕಾಣಬೇಕಾದ ಅಗತ್ಯವಿಲ್ಲ. ಅಲ್ಲಿ ಆಡಿಯೋ ಜೊತೆಗೆ ಎರಡು ಪುಟದ ಟಿಪ್ಪಣಿ ಗೆಲ್ಲುತ್ತದೆ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಹತ್ತಿಳಿಯುವ ಬಸ್ಸಿನಲ್ಲಿ ಅಕ್ಷರ ಓದಿದರೆ ತಲೆ ತಿರುಗುತ್ತದೆ, ಕಿವಿಗೆ ಹಾಕಿಕೊಂಡು ಕೇಳಲು ಅಡ್ಡಿಯಿಲ್ಲ. ಒಂದು ಕಡತ 12 ರಿಂದ 15 ನಿಮಿಷ ಮೀರದಿರಲಿ, ಒಂದರಲ್ಲಿ ಒಂದೇ ವಿಷಯವಿರಲಿ. ಕಡತದ ಹೆಸರಿನಲ್ಲೇ ಘಟಕದ ಸಂಖ್ಯೆ ಮತ್ತು ವಿಷಯ ಬರೆಯಿರಿ. ‘ರೆಕಾರ್ಡಿಂಗ್ 47’ ಎಂಬ ಹೆಸರಿನ ಕಡತವನ್ನು ಪರೀಕ್ಷೆಯ ಹಿಂದಿನ ರಾತ್ರಿ ಯಾರೂ ಹುಡುಕಿ ತೆಗೆಯಲಾರರು.

ರೆಕಾರ್ಡಿಂಗ್ ಕೆಡುವುದು ಹೆಚ್ಚಾಗಿ ಧ್ವನಿಯಲ್ಲಿ. ತಗಡಿನ ಮಾಡಿನ ಕೆಳಗೆ ಆಷಾಢದ ಮಳೆ ಬೀಳುವಾಗ ಯಾವ ಮೈಕೂ ಉಪಯೋಗಕ್ಕೆ ಬಾರದು. ಮಳೆ ಹೊಳವಾಗುವವರೆಗೆ ಕಾಯಬೇಕು, ಇಲ್ಲವೇ ಸ್ಲ್ಯಾಬ್ ಇರುವ ಕೋಣೆಗೆ ಹೋಗಬೇಕು. ಫ್ಯಾನ್ ಆರಿಸಿ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಕೊಳ್ಳುವಾಗ ಅದರ ಪಿನ್ ನೋಡಿ: ಮೂರು ಕಪ್ಪು ಗೆರೆ ಇರುವುದು ಫೋನಿಗೆ, ಎರಡು ಗೆರೆ ಇರುವುದು ಕ್ಯಾಮೆರಾಕ್ಕೆ. ಎರಡು ಗೆರೆಯದನ್ನು ಫೋನಿಗೆ ಚುಚ್ಚಿದರೆ ಫೋನ್ ಅದನ್ನು ಗುರುತಿಸದೆ ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ, ಕೇಳಿ ನೋಡುವವರೆಗೆ ಗೊತ್ತೇ ಆಗುವುದಿಲ್ಲ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಮೈಕನ್ನು ಉಗುರಿನಿಂದ ತಟ್ಟಿ, ಕೇಳಿ ಖಚಿತ ಮಾಡಿಕೊಳ್ಳಿ.

ಕನ್ನಡ ನೋಟ್ಸ್: ಎಲ್ಲಕ್ಕಿಂತ ಹೆಚ್ಚು ಕೆಡುವ ಜಾಗ

ವರ್ಷಗಳಿಂದ ಜತನ ಮಾಡಿದ ಟಿಪ್ಪಣಿಗಳು ನುಡಿ ಅಥವಾ ಬರಹದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ಆಕಾರ ಕೊಟ್ಟ) ಫಾಂಟಿನಲ್ಲಿರುವುದು ಮಾಮೂಲು. ಆ ವರ್ಡ್ ಕಡತವನ್ನು ಹಾಗೇ ಕಳುಹಿಸಿದರೆ ವಿದ್ಯಾರ್ಥಿಯ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ, ಏಕೆಂದರೆ ಆ ಫಾಂಟ್ ಫೋನಿನಲ್ಲಿಲ್ಲ. ಪಿಡಿಎಫ್ ಮಾಡಿ ಕಳುಹಿಸಿದರೆ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಒಂದು ಪದ ಹುಡುಕಿದರೆ ಸಿಗದು, ಒಂದು ಸಾಲು ನಕಲು ಮಾಡಿದರೆ ಮತ್ತೆ ಕಲಸುಮೇಲೋಗರ, ಫೋನಿನಿಂದ ಓದಿಸಿದರೆ ಅರ್ಥವಿಲ್ಲದ ಸದ್ದು. ಕಣ್ಣು ಕಾಣದ ವಿದ್ಯಾರ್ಥಿ ಇಡೀ ಪಠ್ಯವನ್ನೇ ಕಳೆದುಕೊಳ್ಳುತ್ತಾನೆ. ಆದ್ದರಿಂದ ಎಲ್ಲ ಫೋನುಗಳೂ ಓದಬಲ್ಲ ಯುನಿಕೋಡ್ ಸಂಕೇತಕ್ಕೆ ಬದಲಿಸುವ ಶ್ರಮ ಒಮ್ಮೆ ಪಡಲೇಬೇಕು.

ಆಸ್ಕಿಯನ್ನು ಯುನಿಕೋಡ್ ಮಾಡುವ ಪರಿವರ್ತಕ ತಂತ್ರಾಂಶದಲ್ಲಿ ಹಾಕುವ ಮೊದಲು ನಡುನಡುವಿನ ಇಂಗ್ಲಿಷ್ ಪದಗಳನ್ನು ಬೇರೆ ಕಡತಕ್ಕೆ ಎತ್ತಿಟ್ಟು, ಅವುಗಳ ಜಾಗದಲ್ಲಿ ಗುರುತು ಬಿಡಿ; ಇಲ್ಲದಿದ್ದರೆ ಪರಿವರ್ತಕ ಅವನ್ನೂ ಆಸ್ಕಿ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಬದಲಾದ ಮೇಲೆ ಅರ್ಕಾವತ್ತು, ಎರಡೆರಡು ಒತ್ತು ಇರುವ ಅಕ್ಷರಗಳು, ಅಂಕಿಗಳು, ಉದ್ಧರಣ ಚಿಹ್ನೆಗಳು ಈ ನಾಲ್ಕನ್ನು ಮಾತ್ರ ಗಮನವಿಟ್ಟು ನೋಡಿದರೆ ಬಹುಪಾಲು ತಪ್ಪು ಸಿಗುತ್ತದೆ. ಹಳೆಯ ಮುದ್ರಿತ ಪುಟಗಳಾದರೆ ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಒತ್ತಕ್ಷರಗಳನ್ನು ಮಾತ್ರ ಮತ್ತೆ ಕೂತು ತಿದ್ದಬೇಕು.

ಇನ್ನೊಂದು, ಪುಟದ ಅಳತೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಫೋನಿನ ಪರದೆಯದು ಸುಮಾರು 7. ನೀವು 12 ಪಾಯಿಂಟಿನಲ್ಲಿ ಬರೆದದ್ದು ಅವರ ಕೈಯಲ್ಲಿ 4 ಪಾಯಿಂಟಾಗುತ್ತದೆ. ಆ ಗಾತ್ರದಲ್ಲಿ ‘ಕ್ಷ್ಮ’ ಯಾರಿಗೂ ಓದಲಾಗದು. ದೊಡ್ಡದು ಮಾಡಿಕೊಂಡರೆ ಪ್ರತಿ ಸಾಲಿಗೂ ಪುಟವನ್ನು ಎಡಬಲ ಎಳೆಯಬೇಕು. ವರ್ಡ್‌ನಲ್ಲಿ ಪುಟದ ಅಳತೆಯನ್ನು ಅಗಲ 9, ಎತ್ತರ 16 ಸೆಂಟಿಮೀಟರ್ ಮಾಡಿ, ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್ ಅಂಚು ಬಿಟ್ಟು, 12 ಪಾಯಿಂಟಿನಲ್ಲೇ ಪಿಡಿಎಫ್ ಮಾಡಿ. ಪರದೆಯಲ್ಲಿ ಅದು 9 ಪಾಯಿಂಟಿನಷ್ಟು ಕಾಣುತ್ತದೆ, ಆರಾಮವಾಗಿ ಓದಬಹುದು. ಕೋಷ್ಟಕಗಳು ಮಾತ್ರ ಈ ಅಳತೆಗೆ ಹೊಂದುವುದಿಲ್ಲ. ಎರಡು ಕಂಬಸಾಲಿಗಿಂತ ಹೆಚ್ಚಿದ್ದರೆ ಕೋಷ್ಟಕವನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ ಕೊಡಿ.

ಯಾವುದರ ಮೂಲಕ ಕಳುಹಿಸುವುದು?

ವಾಟ್ಸ್‌ಆ್ಯಪ್ ಎಲ್ಲರ ಫೋನಿನಲ್ಲಿದೆ, ಕಲಿಸಿಕೊಡಬೇಕಾಗಿಲ್ಲ. ಅಷ್ಟಕ್ಕೇ ಅದನ್ನು ಆರಿಸಿಕೊಂಡರೆ ಮೂರು ತೊಂದರೆ ಎದುರಾಗುತ್ತವೆ. ತಡವಾಗಿ ಪ್ರವೇಶ ಪಡೆದವರಿಗೆ ಹಿಂದಿನ ಪಾಠಗಳೆಲ್ಲ ಕಾಣವು. ಬಹಳ ದಿನ ಇಳಿಸಿಕೊಳ್ಳದೆ ಬಿಟ್ಟ ಕಡತ ಆಮೇಲೆ ಸಿಗದೆ, ಮತ್ತೆ ಕಳುಹಿಸಲು ಕೇಳಬೇಕಾಗುತ್ತದೆ. ಗುಂಪಿನಲ್ಲಿರುವ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಮತ್ತು ಈ ಮೂರನೆಯದು ಹೆಣ್ಣುಮಕ್ಕಳಿಗೆ ನಿಜವಾದ ಕಿರುಕುಳ. ಟೆಲಿಗ್ರಾಂ ಈ ಮೂರನ್ನೂ ನೀಗಿಸುತ್ತದೆ: ಹೊಸಬರಿಗೆ ಹಳೆಯದೆಲ್ಲ ಕಾಣುವಂತೆ ಇಡಬಹುದು, ಕಡತಗಳು ಅದರ ಸರ್ವರ್‌ನಲ್ಲೇ ಇರುತ್ತವೆ, ನಂಬರ್ ಮರೆಮಾಡಬಹುದು. ಅದರ ಕೇಡು ಬೇರೆ. ಸಿನಿಮಾ ಕಡತ, ಮೋಸದ ಉದ್ಯೋಗದ ಚಾನೆಲ್‌ಗಳು ಒಂದು ಬೆರಳಿನ ದೂರದಲ್ಲಿರುತ್ತವೆ. ಆದ್ದರಿಂದ ಪಾಠಕ್ಕೆ ಉಪನ್ಯಾಸಕರು ಮಾತ್ರ ಬರೆಯಬಲ್ಲ ಟೆಲಿಗ್ರಾಂ ಚಾನೆಲ್, ‘ನಾಳೆ ಎರಡನೇ ಪೀರಿಯಡ್ ಇಲ್ಲ’ ಎಂಬಂಥ ಸೂಚನೆಗೆ ಅಡ್ಮಿನ್ ಮಾತ್ರ ಬರೆಯುವ, ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣದ ವಾಟ್ಸ್‌ಆ್ಯಪ್ ಕಮ್ಯುನಿಟಿಯ ಪ್ರಕಟಣೆ ಗುಂಪು, ಈ ಜೋಡಿ ನಮ್ಮ ಜಿಲ್ಲೆಯ ಹೆಚ್ಚಿನ ಕಾಲೇಜುಗಳಿಗೆ ಸಾಕು.

ಗೂಗಲ್ ಕ್ಲಾಸ್‌ರೂಂ ಅಸೈನ್‌ಮೆಂಟ್ ಪಡೆದು ಅಂಕ ಕೊಡಲು ಒಳ್ಳೆಯದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ನೆಟ್ ಇಲ್ಲದಾಗ ಅದು ಬಹುತೇಕ ಮೂಕ. ಡ್ರೈವ್‌ನಲ್ಲಿರುವ ಕಡತವನ್ನು ಆಫ್‌ಲೈನ್‌ಗೆ ಇಡುವ ಆಯ್ಕೆಯನ್ನು ಪ್ರತಿ ಕಡತಕ್ಕೂ ಒತ್ತಬೇಕು, ವಿದ್ಯಾರ್ಥಿಗಳು ಅದನ್ನು ಮರೆಯುತ್ತಾರೆ.

ಕಾಲೇಜೇ ನಡೆಸಬಹುದಾದ ಆನ್‌ಲೈನ್ ಕಲಿಕೆಯ ತಂತ್ರಾಂಶ ಮೂಡಲ್ ಇವೆಲ್ಲಕ್ಕಿಂತ ಗಟ್ಟಿ ವ್ಯವಸ್ಥೆ. ಅದರ ಮೊಬೈಲ್ ಆ್ಯಪ್‌ನಲ್ಲಿ ಕೋರ್ಸನ್ನು ಇಳಿಸಿಕೊಂಡು ಮನೆಯಲ್ಲಿ ಓದಬಹುದು, ಕ್ವಿಜ್ ಕೂಡ ಆಫ್‌ಲೈನಿನಲ್ಲಿ ಬರೆದು ಮರುದಿನ ಕಾಲೇಜಿಗೆ ಬಂದು ಕಳುಹಿಸಬಹುದು. ಅದಕ್ಕೆ ಕ್ವಿಜ್‌ನ ಸೆಟ್ಟಿಂಗ್‌ನಲ್ಲಿ ಆಫ್‌ಲೈನ್ ಅನುಮತಿ ಕೊಟ್ಟಿರಬೇಕು, ಸಮಯದ ಮಿತಿ ಇಟ್ಟಿರಬಾರದು. ಮಿತಿ ಇಟ್ಟರೆ ಆಫ್‌ಲೈನ್ ಸಾಧ್ಯವಿಲ್ಲ. ಉಚಿತ ಆ್ಯಪ್‌ನಲ್ಲಿ ಸೂಚನೆ ತಲುಪುವ ಫೋನುಗಳ ಸಂಖ್ಯೆಗೆ, ಇಳಿಸಬಹುದಾದ ಕೋರ್ಸುಗಳಿಗೆ ಮಿತಿಯಿದೆ. ಇದಕ್ಕಿಂತ ದೊಡ್ಡ ಮಾತು: ಮೂಡಲ್‌ಗೆ ಅದನ್ನು ನೋಡಿಕೊಳ್ಳುವ ಒಬ್ಬರು ಕಾಲೇಜಿನಲ್ಲಿರಬೇಕು. ಅವರು ವರ್ಗವಾಗಿ ಹೋದರೆ ಪಾಸ್‌ವರ್ಡ್ ಯಾರ ಹತ್ತಿರವಿದೆ ಎಂದು ಹುಡುಕುವ ಸ್ಥಿತಿ ಬಾರದಂತೆ, ಕನಿಷ್ಠ ಇಬ್ಬರಿಗೆ ತರಬೇತಿ ಕೊಟ್ಟ ಮೇಲೆಯೇ ಕೈಹಾಕಿ.

ನೆಟ್ಟೇ ಇಲ್ಲದೆ ಹಂಚುವ ದಾರಿಗಳನ್ನು ಜನ ಮರೆತೇಬಿಟ್ಟಿದ್ದಾರೆ. ಆಂಡ್ರಾಯ್ಡ್‌ನ ಕ್ವಿಕ್ ಶೇರ್‌ನಲ್ಲಿ 75 ಎಂಬಿಯ ವಿಡಿಯೋ ಡೇಟಾ ಖರ್ಚಿಲ್ಲದೆ ಪಕ್ಕದ ಫೋನಿಗೆ ಹೋಗುತ್ತದೆ. ಪ್ರತಿ ಬಸ್ ಮಾರ್ಗಕ್ಕೆ ಒಬ್ಬ ವಿದ್ಯಾರ್ಥಿಗೆ ಶುಕ್ರವಾರ ಕಡತ ಕೊಟ್ಟರೆ, ಅವನಿಂದ ಉಳಿದವರಿಗೆ ಬಸ್ಸಿನಲ್ಲೇ ದಾಟುತ್ತದೆ. ಫೋನಿಗೂ ಕಂಪ್ಯೂಟರಿಗೂ ಚುಚ್ಚಬಹುದಾದ ಎರಡು ತುದಿಯ ಒಟಿಜಿ ಪೆನ್‌ಡ್ರೈವ್ ಕೂಡ ಒಳ್ಳೆಯದು. ಕೆಲವು ಫೋನುಗಳಲ್ಲಿ ಒಟಿಜಿಯನ್ನು ಸೆಟ್ಟಿಂಗ್‌ನಲ್ಲಿ ಮೊದಲು ಆನ್ ಮಾಡಬೇಕು, ಇಲ್ಲದಿದ್ದರೆ ಡ್ರೈವ್ ಕೆಟ್ಟಿದೆ ಎಂದೇ ತೋರುತ್ತದೆ. ಒಂದು ತಾಂತ್ರಿಕ ಕೈ ಸಿಕ್ಕಿದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನೆಟ್ ಇಲ್ಲದೆ ಪಾಠ ಹಂಚುವ ಮೂಡಲ್‌ಬಾಕ್ಸ್ ಅಥವಾ ಕೋಲಿಬ್ರಿ ತಂತ್ರಾಂಶ ಹಾಕಿ ಗ್ರಂಥಾಲಯದಲ್ಲಿಡಬಹುದು. ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ಅದರ ವೈಫೈಗೆ ಸೇರಿ ಪಾಠ ಇಳಿಸಿಕೊಳ್ಳಬಹುದು. ಪೈಯ ಸ್ವಂತ ವೈಫೈ ಹತ್ತಾರು ಫೋನಿಗೇ ಏದುಸಿರು ಬಿಡುತ್ತದೆ, ಇಡೀ ತರಗತಿಗಾದರೆ ಅದಕ್ಕೆ ಒಂದು ರೂಟರ್ ಜೋಡಿಸಿ.

ತರಗತಿಯಲ್ಲಿ ಪ್ರಶ್ನೆ ಕೇಳಲು

ಆಟದಂತೆ ಕ್ವಿಜ್ ನಡೆಸುವ ಕಹೂಟ್ ಉತ್ಸಾಹ ತರುತ್ತದೆ. ಪ್ರೊಜೆಕ್ಟರ್, ಎಲ್ಲರಿಗೂ ಫೋನ್, ಎಲ್ಲರಿಗೂ ನೆಟ್ ಬೇಕು. ವೇಗಕ್ಕೂ ಅಂಕ ಇರುವುದರಿಂದ ನಿಧಾನದ ಫೋನಿನವನು ಸರಿ ಉತ್ತರ ಕೊಟ್ಟೂ ಹಿಂದುಳಿಯುತ್ತಾನೆ. ಗೂಗಲ್ ಫಾರ್ಮ್ಸ್ ಶಾಂತವಾಗಿ ನಡೆಯುತ್ತದೆ, ಆದರೆ ಅಂಕ ಕೊಡುವ ಕಿರುಪರೀಕ್ಷೆಗೆ ನಂಬಬೇಡಿ: ಬೇರೆ ಪುಟ ತೆರೆಯದಂತೆ ತಡೆಯುವ ಅದರ ಲಾಕ್ ವ್ಯವಸ್ಥೆ ಕ್ರೋಮ್‌ಬುಕ್‌ಗೆ ಮಾತ್ರ, ಫೋನಿಗಿಲ್ಲ.

ನಮ್ಮ ತರಗತಿಗಳಿಗೆ ಎಲ್ಲಕ್ಕಿಂತ ಹೊಂದುವುದು ಪ್ಲಿಕರ್ಸ್. ಪ್ರತಿ ವಿದ್ಯಾರ್ಥಿಗೆ ಒಂದು ಮುದ್ರಿತ ಕಾರ್ಡು. ಅದನ್ನು ಯಾವ ಬದಿ ಮೇಲೆ ಮಾಡಿ ಹಿಡಿದರೋ ಅದು ಎ, ಬಿ, ಸಿ, ಡಿ ಉತ್ತರ. ಉಪನ್ಯಾಸಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೆ ಸರಿಸಿದರೆ ಯಾರ ಉತ್ತರ ಏನೆಂದು ದಾಖಲಾಗುತ್ತದೆ. ಫೋನ್ ಬೇಕಾಗುವುದು ಒಬ್ಬರಿಗೆ ಮಾತ್ರ. ಸಾಮಾನ್ಯ ಕಂತೆಯಲ್ಲಿ 40 ಕಾರ್ಡುಗಳು, ದೊಡ್ಡ ಕಂತೆಯಲ್ಲಿ 63. ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗುತ್ತದೆಂದು ಲ್ಯಾಮಿನೇಟ್ ಮಾಡಿಸಬೇಡಿ. ಹೊಳಪಿಗೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಕ್ಯಾಮೆರಾಗೆ ಗುರುತು ಸಿಗದು. ದಪ್ಪ ರಟ್ಟಿಗೆ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಅಂಚಿನ ಅಕ್ಷರದ ಮೇಲೆ ಬೆರಳಿದ್ದರೆ ಪರವಾಗಿಲ್ಲ, ಕಪ್ಪು ಚಿತ್ರದ ಮೇಲೆ ಇರಕೂಡದು.

ಅಸೈನ್‌ಮೆಂಟ್: ಫೋಟೋ ಬೇಡ, ಸ್ಕ್ಯಾನ್ ಇರಲಿ

60 ಜನ, ತಲಾ 8 ಪುಟ, ಪ್ರತಿ ಫೋಟೋ 4 ಎಂಬಿ: ಒಟ್ಟು 1.9 ಜಿಬಿ. ಅದನ್ನೇ ಗೂಗಲ್ ಡ್ರೈವ್ ಆ್ಯಪ್‌ನ ಸ್ಕ್ಯಾನ್‌ನಲ್ಲಿ ಕಪ್ಪುಬಿಳುಪಾಗಿ ತೆಗೆದರೆ ಪುಟಕ್ಕೆ ಸುಮಾರು 200 ಕೆಬಿ, ಇಡೀ ತರಗತಿಯದು 100 ಎಂಬಿಯೊಳಗೆ. ಗೂಗಲ್‌ನ ಉಚಿತ ಖಾತೆಯಲ್ಲಿರುವುದು 15 ಜಿಬಿ ಮಾತ್ರ, ಫಾರ್ಮ್ಸ್ ಮೂಲಕ ಪಡೆದ ಕಡತಗಳೆಲ್ಲ ಬಂದು ತುಂಬುವುದು ಉಪನ್ಯಾಸಕರ ಖಾತೆಗೇ. ನೋಟ್‌ಬುಕ್ಕನ್ನು ಕಪ್ಪು ನೆಲದ ಮೇಲಿಟ್ಟರೆ ಅಂಚು ಸರಿಯಾಗಿ ಸಿಗುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ತಲೆಯ ನೆರಳು ಬೀಳದಿರಲಿ. ಎಂಟೂ ಪುಟ ಒಂದೇ ಪಿಡಿಎಫ್, ಹೆಸರಿನಲ್ಲಿ ರೋಲ್ ನಂಬರ್ ಮೊದಲು.

ಪ್ರಯೋಗ ಮತ್ತು ಕ್ಷೇತ್ರಕಾರ್ಯ

ಫೋನ್ ನಿಜವಾಗಿ ಬೆಲೆಬಾಳುವುದು ಇಲ್ಲಿ, ಆದರೂ ಅತಿ ಕಡಿಮೆ ಬಳಕೆಯಾಗುವುದೂ ಇಲ್ಲೇ. ಫೋನಿನ ಸೆನ್ಸರ್‌ಗಳಿಂದ ಅಳತೆ ಮಾಡುವ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್ ಉಚಿತ, ನೆಟ್ ಇಲ್ಲದೆ ನಡೆಯುತ್ತದೆ. ಶಬ್ದದ ವೇಗ ಅಳೆಯಲು ಎರಡು ಫೋನ್ ಸಾಕು. ಅವನ್ನು 5 ಮೀಟರ್ ದೂರದಲ್ಲಿಟ್ಟು ಎರಡರಲ್ಲೂ ಶಬ್ದದ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಬಳಿ ಒಬ್ಬರು ಚಪ್ಪಾಳೆ ತಟ್ಟಲಿ, ತುಸು ಬಿಟ್ಟು ಎರಡನೆಯದರ ಬಳಿ ಇನ್ನೊಬ್ಬರು. ಎರಡೂ ಫೋನು ತೋರಿಸುವ ಸಮಯದ ವ್ಯತ್ಯಾಸದಿಂದ 10 ಮೀಟರನ್ನು (ಹೋಗುವ 5, ಬರುವ 5) ಭಾಗಿಸಿದರೆ ವೇಗ. ನಮ್ಮ ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ವ್ಯತ್ಯಾಸ 0.029 ಸೆಕೆಂಡಿನ ಆಸುಪಾಸು ಬರಬೇಕು, ವೇಗ ಸೆಕೆಂಡಿಗೆ 349 ಮೀಟರ್ ಹತ್ತಿರ. ಫ್ಯಾನಿನ ಸದ್ದಿಗೇ ಗಡಿಯಾರ ಓಡತೊಡಗಿದರೆ ಸದ್ದಿನ ಮಿತಿಯನ್ನು ಏರಿಸಿ. ಚಪ್ಪಾಳೆಯ ಪ್ರತಿಧ್ವನಿಗೆ ತಕ್ಷಣ ನಿಂತರೆ ಆ್ಯಪ್‌ನಲ್ಲಿರುವ ಕನಿಷ್ಠ ಸಮಯದ ಅಂತರವನ್ನು ಹೆಚ್ಚಿಸಿ. ಲೋಲಕದ ಪ್ರಯೋಗಕ್ಕೆ ಮಾತ್ರ ತಿರುಗುವಿಕೆ ಅಳೆಯುವ ಸೆನ್ಸರ್, ಜೈರೋಸ್ಕೋಪ್ ಬೇಕು. ಅಗ್ಗದ ಅನೇಕ ಫೋನುಗಳಲ್ಲಿ ಅದು ಇರುವುದಿಲ್ಲ, ಗುಂಪಿಗೊಂದು ಸರಿಯಾದ ಫೋನ್ ಇದೆಯೇ ಎಂದು ಹಿಂದಿನ ದಿನವೇ ನೋಡಿ.

ಕಾರವಾರದ ಕೋಡಿಬಾಗದ ಸಾಗರ ಜೀವಶಾಸ್ತ್ರ ವಿಭಾಗದವರು ಕಾಳಿಯ ಅಳಿವೆಯಲ್ಲಿ, ಕುಮಟಾದವರು ಅಘನಾಶಿನಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಶಿರಸಿಯ ಅರಣ್ಯ ಕಾಲೇಜಿನವರು ಕಾಡಿನಲ್ಲಿ ಮಾಹಿತಿ ಬರೆದುಕೊಳ್ಳಲು ಕಾಗದ ಮತ್ತು ಮಾಹಿತಿ ತುಂಬುವ ಆ್ಯಪ್ ಕೋಬೋ ಕಲೆಕ್ಟ್ ನಡುವೆ ಆರಿಸಬೇಕಾದರೆ, ಕೋಬೋ ಮುಖ್ಯವಾಗಿರಲಿ, ಕಾಗದ ಜೊತೆಗಿರಲಿ. ಪ್ರಶ್ನೆಗಳ ನಮೂನೆಯನ್ನು ಕಾಲೇಜಿನಲ್ಲೇ ಇಳಿಸಿಕೊಂಡರೆ ಸ್ಥಳದಲ್ಲಿ ನೆಟ್ ಬೇಡ. ಉಳಿಸಿದ್ದು ಸಿಗ್ನಲ್ ಬಂದಾಗ ಹೋಗುತ್ತದೆ. ಪ್ರಶ್ನೆಗಳು ಕನ್ನಡದಲ್ಲೇ ಇರಬಹುದು. ಫೋಟೋ ಪ್ರಶ್ನೆಗೆ ಗರಿಷ್ಠ 1024 ಪಿಕ್ಸೆಲ್ ಮಿತಿ ಹಾಕಿ, ಇಲ್ಲದಿದ್ದರೆ ಸಂಜೆ ಕಳುಹಿಸುವಾಗ ಡೇಟಾ ಮುಗಿಯುತ್ತದೆ. ಜಿಪಿಎಸ್‌ಗೆ ನೆಟ್ ಬೇಕಿಲ್ಲ, ಆದರೆ ನೆಟ್ ಇಲ್ಲದಿದ್ದರೆ ಮೊದಲ ಸಲ ಸ್ಥಾನ ಹಿಡಿಯಲು ಕೆಲವು ನಿಮಿಷ ಬೇಕು. ಬಯಲಲ್ಲಿ ನಿಂತು ಹಿಡಿದುಕೊಂಡೇ ಒಳಗೆ ಹೋಗಿ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಂಥ (ಜೌಗು ಕಾಡು) ದಟ್ಟ ನೆರಳಿನಲ್ಲಿ ನಿಖರತೆ ಬಹಳ ಕೆಡುತ್ತದೆ, ಪರದೆಯಲ್ಲಿ ಮೀಟರ್ ಅಂಕಿ ಇಳಿಯುವವರೆಗೆ ಕಾಯಿರಿ. ಗಿಡ, ಪ್ರಾಣಿ ಗುರುತಿಸಲು ಐನ್ಯಾಚುರಲಿಸ್ಟ್ ಬಳಸುವವರು ಅಪರೂಪದ ಜೀವಿಗಳ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಒತ್ತಲೇಬೇಕು.

ಉಪ್ಪುನೀರಿನ ಕೆಲಸಕ್ಕೆ ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ, ನೀರಿಳಿತದ ವೇಳೆ ನೋಡಿ ಹೊರಡಿ. ಚಾರ್ಜಿಂಗ್ ರಂಧ್ರ ಒದ್ದೆಯಾದರೆ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಹುಡಿ ಒಳಗೆ ಸೇರುತ್ತದೆ ಅಷ್ಟೆ, ಗಾಳಿಯಲ್ಲಿ ರಂಧ್ರ ಕೆಳಮುಖವಾಗಿಟ್ಟು ಒಣಗಿಸುವುದೇ ಮೇಲು. ಎರಡು ದಿನದ ಶಿಬಿರಕ್ಕೆ 10,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ 5,000ದ ಫೋನಿಗೆ ಒಂದೂಕಾಲು ಸಲದಷ್ಟೇ ಎಂದು ಲೆಕ್ಕ ಹಿಡಿಯಿರಿ. ವೋಲ್ಟೇಜ್ ಏರಿಸುವಲ್ಲಿ ಉಳಿದದ್ದು ಹೋಗುತ್ತದೆ.

ಒಪ್ಪಿಗೆ, ವೇಳೆ, ಉಳಿಕೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ಪ್ರಥಮ ಪದವಿಯಲ್ಲಿ 17ರವರು ಇದ್ದೇ ಇರುತ್ತಾರೆ. ಪ್ರವೇಶದ ದಿನ ಪಾಲಕರು ಜೊತೆಗೆ ಬಂದಿರುವಾಗಲೇ ಕಾಗದದ ಮೇಲೆ ಸಹಿ ಪಡೆಯುವುದು ಸುಲಭ. ಹಾಜರಾತಿ, ಆಂತರಿಕ ಅಂಕಗಳ ಪಟ್ಟಿಯನ್ನು ಗುಂಪಿಗೆ ಹಾಕಬೇಡಿ. ರಾತ್ರಿ ಎಂಟರ ಮೇಲೆ ಪಾಠದ ಸಂದೇಶ ಕಳುಹಿಸದಿರುವ ನಿಯಮ ಮಾಡಿಕೊಳ್ಳಿ. ಅದು ಉಪನ್ಯಾಸಕರಿಗೂ ಬೇಕಾದ ವಿಶ್ರಾಂತಿ.

ಸೆಮಿಸ್ಟರ್ ಮುಗಿದ ವಾರ ಚಾನೆಲ್‌ನ ಎಲ್ಲ ಕಡತಗಳನ್ನೂ ಘಟಕವಾರು ಫೋಲ್ಡರ್ ಮಾಡಿ, ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ವಿಭಾಗದಲ್ಲೂ ಇನ್ನೊಂದನ್ನು ಗ್ರಂಥಾಲಯದಲ್ಲೂ ಇಡಿ. ಹಿಂದಿನ ಸೆಮಿಸ್ಟರಿನ ವಿಷಯಗಳನ್ನು ಮತ್ತೆ ಬರೆಯುವವರು, ನಡುವೆ ಫೋನ್ ಕಳೆದುಕೊಂಡವರು ಅಲ್ಲಿಗೆ ಬಂದು ನಕಲು ಮಾಡಿಕೊಳ್ಳುತ್ತಾರೆ.